ಕಾರವಾರದ ತಪಸ್ಸುಕಾಲದ ಧ್ಯಾನಕೂಟ: ಹೋಗಬಹುದಾ?

ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳೇ ತಪಸ್ಸುಕಾಲ. ಆಗ ಒಂದು ಶುಕ್ರವಾರ ಅಂಗಡಿ ಮುಚ್ಚಿ ಕಾರವಾರದ ಈ ಧ್ಯಾನಕೂಟಕ್ಕೆ ಹೋಗಿದ್ದೆ. ಶುಲ್ಕ 200 ರೂಪಾಯಿ, ಚಹಾ, ಊಟ ಸೇರಿ. ವಿಷಯ, ವಿಶ್ವಾಸಿಗಳು ಬಿಡಬೇಕಾದ ಪಾಪಗಳು.

ಇಂಥ ಕಡೆ ಸಾಮಾನ್ಯವಾಗಿ ಕುಡಿತ, ಮಟ್ಕಾ, ಮೊಬೈಲ್ ಮೇಲೇ ಅರ್ಧ ದಿನ ಹೋಗುತ್ತದೆ. ಬೈಸಿಕೊಳ್ಳಬೇಕಾದ ಗಂಡಸರು ಬಂದೇ ಇರುವುದಿಲ್ಲ. ಬಂದ ಹೆಂಗಸರು ಸುಮ್ನೆ ತಲೆ ಆಡಿಸುತ್ತಾರೆ. ಈ ಸಲದ ಗುರುಗಳು ಅದನ್ನೆಲ್ಲ ಬೇಗ ಮುಗಿಸಿ ಚಾಡಿಗೆ ಬಂದರು.

ಬೈಬಲಿನಲ್ಲಿ ಸಂತ ಪೌಲ ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯ ತೆಗೆಸಿದರು. ಪೌಲನ ಪಟ್ಟಿಯಲ್ಲಿ ಕೊಲೆಯ ಜೊತೆಗೇ ಹೊಟ್ಟೆಕಿಚ್ಚು, ಮೋಸ, ಚಾಡಿ ಎಲ್ಲ ಇದೆ. "ಕೊಲೆ ಮಾಡಿದವರು ಇಲ್ಲಿ ಯಾರೂ ಇಲ್ಲ ಅಲ್ವಾ? ಹಾಗಾದರೆ ಮುಂದೆ ಓದಿ" ಅಂದರು. ನನ್ನದು ಹೊಲಿಗೆ ಅಂಗಡಿ. ಅಳತೆ ಕೊಡಲು ಬಂದವರು ಬ್ಲೌಸ್ ಪೀಸಿನ ಜೊತೆ ಊರಿನ ಸುದ್ದಿಯನ್ನೂ ಇಟ್ಟು ಹೋಗುತ್ತಾರೆ. ಯಾರ ಮಗಳು ಯಾರ ಬೈಕ್ ಹತ್ತಿ ಟಾಗೋರ್ ಬೀಚಿಗೆ ಹೋದಳು ಅನ್ನುವುದು ನನಗೆ ಅವಳ ಅಮ್ಮನಿಗಿಂತ ಮೊದಲೇ ಗೊತ್ತಿರುತ್ತದೆ. "ಪಾಪ, ಅವಳಿಗಾಗಿ ಪ್ರಾರ್ಥನೆ ಮಾಡಿ" ಅಂತ ಶುರು ಮಾಡಿ ಹೇಳಿದರೂ ಚಾಡಿ ಚಾಡಿಯೇ, ಎಂದು ಗುರುಗಳು ಅಂದಾಗ ನನ್ನ ಮುಂದಿನ ಸಾಲಿನ ಇಬ್ಬರು ಮುಖ ಮುಖ ನೋಡಿಕೊಂಡರು.

ದುರಾಸೆಯ ಭಾಗ ಇನ್ನೂ ಚೆನ್ನಾಗಿತ್ತು. ಬೈಬಲಿನ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಒಬ್ಬ ಬಂದು, ನನ್ನ ಅಣ್ಣತಮ್ಮನಿಗೆ ಆಸ್ತಿ ಪಾಲು ಮಾಡಲು ಹೇಳಿ ಅಂತ ಯೇಸುವನ್ನು ಕೇಳುತ್ತಾನೆ. ಯೇಸು ಪಂಚಾಯ್ತಿ ಮಾಡಲು ಒಪ್ಪುವುದಿಲ್ಲ, ದುರಾಸೆ ಬಗ್ಗೆ ಎಚ್ಚರ ಅನ್ನುತ್ತಾನೆ. ಭೂಸ್ವಾಧೀನದ ಪರಿಹಾರಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆ ನಮ್ಮ ಕಡೆ ಕಮ್ಮಿಯಾ? ದುರಾಸೆಯೂ ವಿಗ್ರಹಾರಾಧನೆಯೇ ಅಂತ ಕೊಲೊಸ್ಸೆಯರ ಪತ್ರ ಹೇಳುವುದು ಇಂಥದಕ್ಕೇ ಎಂದರು.

ಕೋಪ, ದುರಾಸೆ, ಹೊಟ್ಟೆಬಾಕತನ ಹೀಗೆ ಚರ್ಚು ಎಣಿಸುವ ಏಳು ಮುಖ್ಯ ಪಾಪಗಳ ಇತಿಹಾಸವೂ ಬಂತು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಅನ್ನುವ ಸನ್ಯಾಸಿ ಎಂಟು ಕೆಟ್ಟ ಯೋಚನೆಗಳನ್ನು ಪಟ್ಟಿ ಮಾಡಿದ. 6ನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಅದನ್ನು ತಿದ್ದಿ ಏಳು ಮಾಡಿದರು. ಒಳ್ಳೆಯ ವಿಷಯವೇ. ಆದರೆ ಅದೇ ಹೊತ್ತಿಗೆ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಯಾರಿಗೂ ತಲೆಗೆ ಹೋಗಲಿಲ್ಲ.

ಹೊಟ್ಟೆಬಾಕತನದ ಪಾಠ ಮುಗಿದಿದ್ದೇ ಊಟ. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಹಾಕಿದ ಬಂಗಡೆ ಸಾರು, ಸೋಲ್ ಕಡಿ. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಡಬೇಕು, ಮೀನು ನಡೆಯುತ್ತದೆ. ಕಾರವಾರದವರಿಗೆ ಇದ್ಯಾವ ತ್ಯಾಗ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎರಡನೇ ಸಲ ಬಡಿಸಿಕೊಂಡೆ.

ನನಗೆ ಹಿಡಿಸದಿದ್ದು ಮಧ್ಯಾಹ್ನದ ಕೋಪದ ಪಾಠ. ಸೂರ್ಯ ಮುಳುಗುವ ಮುಂಚೆ ಕೋಪ ಬಿಡಿ, ಅಷ್ಟೇ ಹೇಳಿದರು. ಎಫೆಸಿಯರ ಪತ್ರದಲ್ಲಿ ಅದಕ್ಕೆ ಮುಂಚೆಯೇ ಇನ್ನೊಂದು ಮಾತಿದೆ: ಕೋಪ ಬಂದರೂ ಪಾಪ ಮಾಡಬೇಡಿ. ಕೋಪ ಬರುವುದೇ ತಪ್ಪು ಅಂತ ಅಲ್ಲಿಲ್ಲ. ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ, ಕೈ ಬತ್ತಿದವನನ್ನು ಸಬ್ಬತ್ ದಿನ, ಅಂದರೆ ಯೆಹೂದ್ಯರ ವಿಶ್ರಾಂತಿ ದಿನ, ವಾಸಿ ಮಾಡುವ ಮುಂಚೆ, ಸುತ್ತ ಕೂತವರನ್ನು ಯೇಸು ಕೋಪದಿಂದಲೇ ನೋಡುತ್ತಾನೆ. ಗಂಡನ ಕೈಯಲ್ಲಿ ಪೆಟ್ಟು ತಿಂದವಳು ಆ ಹಾಲ್‌ನಲ್ಲಿ ಕೂತಿದ್ದರೆ ಅವಳಿಗೆ ಏನು ಕೇಳಿಸಿರಬೇಕು? ರಾತ್ರಿಯೊಳಗೆ ಕ್ಷಮಿಸಿ ಸುಮ್ಮನಿರು, ಅಂತಲೇ. ಇದನ್ನು ಚೀಟಿಯಲ್ಲಿ ಬರೆದು ಪ್ರಶ್ನೆಪೆಟ್ಟಿಗೆಗೆ ಹಾಕಿದೆ. ಸಮಯ ಸಾಲದೆ ಪೆಟ್ಟಿಗೆ ತೆರೆಯಲೇ ಇಲ್ಲ.

ಪ್ರವಚನ ಕನ್ನಡದಲ್ಲಿ, ಹಳಿಯಾಳ ಕಡೆಯವರಿಗೂ ತೊಂದರೆ ಇಲ್ಲ. ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು, ಕೊಂಕಣಿಯಲ್ಲೂ ಮಾಡಬಹುದು. ಕುರ್ಚಿ ಪ್ಲಾಸ್ಟಿಕ್‌ನವು, ಬೆನ್ನುನೋವು ಇದ್ದವರು ದಿಂಬು ತಗೊಂಡು ಹೋಗಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಮುಂದಿನ ವರ್ಷ ಪಾಪನಿವೇದನೆಗೆ ಇನ್ನಿಬ್ಬರು ಗುರುಗಳನ್ನು ಕರೆಸಿದರೆ ಒಳ್ಳೆಯದು. ಚಾಡಿಯ ಪಾಠ ಕೇಳಿದ ಮೇಲೆ ಸಾಲು ಗೇಟಿನವರೆಗೆ ಬೆಳೆದಿತ್ತು, ಅಂಕೋಲಾ ಕಡೆಯವರು ಬಸ್ ತಪ್ಪುತ್ತದೆ ಅಂತ ಮಧ್ಯದಲ್ಲೇ ಎದ್ದು ಹೋದರು.