ಬಲ್ಕ್ ಎಸ್‌ಎಂಎಸ್ ಪ್ಯಾಕ್ ಕೊಳ್ಳುವ ಮುಂಚೆ ಓದಿ: ಕನ್ನಡಕ್ಕೆ 160 ಅಲ್ಲ, 70!

ಸಹಕಾರ ಸಂಘ, ಶಾಲೆ, ದೇವಸ್ಥಾನದ ಸಮಿತಿ, ಅಪಾರ್ಟ್‌ಮೆಂಟ್ ಅಸೋಸಿಯೇಶನ್, ಯಾರೇ ಆಗಿರಲಿ, ಕನ್ನಡದಲ್ಲಿ ಬಲ್ಕ್ ಎಸ್‌ಎಂಎಸ್ ಕಳಿಸುವವರು ದಯವಿಟ್ಟು ಪೂರ್ತಿ ಓದಿ. ಕೊಟೇಶನ್ನಿನಲ್ಲಿ "10,000 ಎಸ್‌ಎಂಎಸ್, ಒಂದಕ್ಕೆ 160 ಅಕ್ಷರ" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಆ 160 ಇಂಗ್ಲಿಷಿಗೆ. ಕನ್ನಡಕ್ಕೆ 70. ಮೆಸೇಜು ಉದ್ದವಾದರೆ 70 ಕೂಡ ಇಲ್ಲ, ತುಂಡಿಗೆ 67. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಬಾಯಿ ಬಿಡುವುದಿಲ್ಲ ಅಷ್ಟೇ.

ಒಂದು ಸಂಘದ ಕಥೆ ನೋಡಿ. ಸದಸ್ಯರು 4,200. ಕೊಂಡಿದ್ದು 10,000 ಕ್ರೆಡಿಟ್, ಅಂದರೆ ಅಷ್ಟು ಎಸ್‌ಎಂಎಸ್. ಮಹಾಸಭೆಗೆ ಕರೆಯಲು ಒಂದು ಮೆಸೇಜು, ಹಿಂದಿನ ದಿನ ನೆನಪಿಸಲು ಇನ್ನೊಂದು, ಆಮೇಲೂ ಒಂದಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ ಕೊಟ್ಟವರೂ ಪ್ಯಾಕ್ ಮಾರಿದವರೇ. ಹೋದ ಮೆಸೇಜು ಇದು:

"ಮಾನ್ಯ ಸದಸ್ಯರೇ, ಸಂಘದ ವಾರ್ಷಿಕ ಮಹಾಸಭೆ ಭಾನುವಾರ ಬೆಳಿಗ್ಗೆ 10:30ಕ್ಕೆ ಸಮುದಾಯ ಭವನದಲ್ಲಿ ನಡೆಯಲಿದೆ. ತಪ್ಪದೇ ಬನ್ನಿ. ಇಂತಿ, ಅಧ್ಯಕ್ಷರು ಮತ್ತು ಆಡಳಿತ ಮಂಡಳಿ"

ಒಂದೇ ಸಲ ಕಳಿಸಿದ್ದು. ಪ್ಯಾನೆಲ್ಲಿನಲ್ಲಿ ಬ್ಯಾಲೆನ್ಸ್: 1. ಹತ್ತು ಸಾವಿರದಲ್ಲಿ ಒಂದು! 3,333 ಜನಕ್ಕೆ ಹೋಗಿ ನಿಂತುಬಿಟ್ಟಿದೆ. ಪಟ್ಟಿ ಅಕಾರಾದಿಯಲ್ಲಿತ್ತು, ಹಾಗಾಗಿ ಕೊನೆಯ 867 ಜನ, ಹೆಚ್ಚಾಗಿ ಶ, ಸ, ಹ ಅಕ್ಷರದ ಹೆಸರಿನವರು, ಅವರಿಗೆ ಏನೂ ಬಂದಿಲ್ಲ. "ನಮ್ಮನ್ನ ಬೇಕಂತಲೇ ಬಿಟ್ರಾ?" ಅಂತ ಸಭೆಯಲ್ಲಿ ಎದ್ದು ನಿಂತು ಕೇಳಿದರು. ಆಡಳಿತ ಮಂಡಳಿ ತಲೆ ತಗ್ಗಿಸಿ ಕೂತಿತ್ತು.

ಈಗ ಮಾರಿದವರ ಉತ್ತರ ಕೇಳಿ.

"ಯೂನಿಕೋಡ್ ಸರ್, ಮೂರು ಕ್ರೆಡಿಟ್ ಕಟ್ ಆಗತ್ತೆ."
"ಮೂರು ಯಾಕ್ರೀ?"
"ಸಿಸ್ಟಮ್ ಆಟೋಮ್ಯಾಟಿಕ್ ಸರ್."
"ಕೊಟೇಶನ್ನಲ್ಲಿ 160 ಅಂತ ಇದೆಯಲ್ಲ?"
"ಅದು ನಾರ್ಮಲ್ ಕ್ಯಾರೆಕ್ಟರ್‌ಗೆ ಸರ್. ಇಂಗ್ಲಿಷಲ್ಲೇ ಕಳಿಸಿಬಿಡಿ, ಒಂದೇ ಕ್ರೆಡಿಟ್."

ನಾರ್ಮಲ್ಲಂತೆ! ಸಂಘ ಕರ್ನಾಟಕದ್ದು, ಸದಸ್ಯರು ಕನ್ನಡದವರು, ಟೆಂಪ್ಲೇಟು (ಮಾದರಿ ಪಠ್ಯ) ಕನ್ನಡದ್ದು ಅಂತ ಗೊತ್ತಿದ್ದೇ 160ರ ಲೆಕ್ಕ ಹೇಳಿ ಮಾರಿದವರು ಈಗ ಕನ್ನಡ ನಾರ್ಮಲ್ ಅಲ್ಲ ಅನ್ನುತ್ತಾರೆ.

ಅವರು ಹೇಳದೆ ಬಿಟ್ಟಿದ್ದು ಇಷ್ಟು. ಒಂದು ಎಸ್‌ಎಂಎಸ್‌ನಲ್ಲಿ ಪಠ್ಯಕ್ಕಿರುವ ಜಾಗ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರ ಜಿಎಸ್‌ಎಂ ಅನ್ನುವ ಮೊಬೈಲ್ ಮಾನದಂಡದ ಹಳೆಯ ಅಕ್ಷರಪಟ್ಟಿಯಲ್ಲಿ 7 ಬಿಟ್ ಹಿಡಿಯುತ್ತದೆ, ಹಾಗಾಗಿ 160. ಕನ್ನಡ ಯುಸಿಎಸ್-2 ಅನ್ನುವ ಯೂನಿಕೋಡ್ ಪದ್ಧತಿಯಲ್ಲಿ ಹೋಗುತ್ತದೆ, ಒಂದೊಂದಕ್ಕೆ 16 ಬಿಟ್, ಹಾಗಾಗಿ 70. ಮೆಸೇಜಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇದ್ದರೂ ಇಡೀ ಮೆಸೇಜು, ಅಂಕಿ, ಖಾಲಿ ಜಾಗ, ಕಾಮಾ ಎಲ್ಲವೂ, 16 ಬಿಟ್ಟಿಗೆ ಹೋಗುತ್ತದೆ. 70 ದಾಟಿದರೆ ತುಂಡಾಗುತ್ತದೆ. ಫೋನಿನಲ್ಲಿ ತುಂಡುಗಳನ್ನು ಮತ್ತೆ ಜೋಡಿಸಲು ಪ್ರತಿ ತುಂಡಿನ ತಲೆಗೆ 6 ಬೈಟಿನ ಗುರುತು ಬೇಕು: ಇದು ಯಾವ ಮೆಸೇಜು, ಒಟ್ಟು ಎಷ್ಟು ತುಂಡು, ಇದು ಎಷ್ಟನೆಯದು. ಉಳಿದದ್ದು 134 ಬೈಟ್. ಕನ್ನಡಕ್ಕೆ 67, ಇಂಗ್ಲಿಷಿಗೆ 153. ಬಿಲ್ಲು ತುಂಡಿನ ಮೇಲೆ, ಮೆಸೇಜಿನ ಮೇಲಲ್ಲ.

ಇನ್ನೊಂದು ವಿಷಯ, ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. "ಕ್ಕೆ" ನಮಗೆ ಒಂದು, ಅದಕ್ಕೆ ನಾಲ್ಕು: ಕ, ಒತ್ತು ಕೂಡಿಸುವ ಹಲಂತ ಚಿಹ್ನೆ (್), ಮತ್ತೊಂದು ಕ, ಎತ್ವ. "ಅಧ್ಯಕ್ಷರು" ನಾಲ್ಕು ಅಕ್ಷರ ಕಂಡರೂ ಲೆಕ್ಕಕ್ಕೆ 9. ಒತ್ತಕ್ಷರ ಹೆಚ್ಚಿದಷ್ಟೂ ದುಡ್ಡು. ಕೊನೆಗೆ ಒಂದು 🙏 ಹಾಕಿದರೆ ಅದೂ 2.

ಮೇಲಿನ ಮೆಸೇಜನ್ನು ಹೀಗೆ ಎಣಿಸಿ ನೋಡಿ. 135. ಎರಡು ತುಂಡಿನಲ್ಲಿ ಹಿಡಿಯುವುದು 134. ಅಂದರೆ ಮೂರನೇ ಎಸ್‌ಎಂಎಸ್‌ನಲ್ಲಿ ಹೋಗಿದ್ದು "ಮಂಡಳಿ"ಯ ಕೊನೆಯ ಗುಡಿಸು! ಬರೀ ಗುಡಿಸು!! 3,333 ಜನಕ್ಕೆ ಒಂದೊಂದು ಗುಡಿಸು, ಒಂದೊಂದಕ್ಕೂ ಒಂದು ಕ್ರೆಡಿಟ್. ಆ "ಇಂತಿ" ಮುಂದಿನ ಕಾಮಾ ತೆಗೆದಿದ್ದರೆ ಸಾಕಿತ್ತು: 134, ತಲೆಗೆ ಎರಡು ಕ್ರೆಡಿಟ್, 4,200 ಜನಕ್ಕೆ 8,400, ಎಲ್ಲರಿಗೂ ಹೋಗಿ 1,600 ಉಳಿಯುತ್ತಿತ್ತು. ಮೆಸೇಜನ್ನು ಡಿಎಲ್‌ಟಿಗೆ (ಬಲ್ಕ್ ಮೆಸೇಜಿನ ಟೆಂಪ್ಲೇಟು ನೋಂದಾಯಿಸುವ ವ್ಯವಸ್ಥೆ) ಹಾಕಿಸಿದವರು ಅವರೇ, "ಪರ್ಫೆಕ್ಟ್ ಇದೆ ಸರ್" ಅಂದವರೂ ಅವರೇ. ಕಾಮಾ ವಿಷಯ ಹೇಳಿದರೆ ಬಂದ ಉತ್ತರ: "ಅಪ್ರೂವ್ ಆದ ಟೆಂಪ್ಲೇಟಲ್ಲಿ ಕಾಮಾನೂ ಚೇಂಜ್ ಮಾಡೋಕಾಗಲ್ಲ ಸರ್. ಟಾಪ್-ಅಪ್ ಮಾಡಿಸಿ, ಉಳಿದವರಿಗೆ ಈಗಲೇ ಹೋಗತ್ತೆ."

ಮೊದಲ ಮಾತು ನಿಜ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಟೆಂಪ್ಲೇಟು ನೋಂದಣಿ ಆಗಿರಬೇಕು, ಕಳಿಸುವ ಪಠ್ಯ ಅದಕ್ಕೆ ಹೊಂದಬೇಕು. ಅದಕ್ಕೇ ಎಣಿಕೆ ನೋಂದಣಿಗೆ ಮುಂಚೆಯೇ ಆಗಬೇಕು, ಆಮೇಲಲ್ಲ. ಹೆಸರು, ಮೊತ್ತ ತುಂಬುವ ವೇರಿಯಬಲ್ ಇದ್ದರೆ ಅತಿ ಉದ್ದದ ಹೆಸರು ಹಾಕಿ ಎಣಿಸಿ. ಟೆಂಪ್ಲೇಟು ಖಾಲಿ ಇದ್ದಾಗ ಒಂದು ತುಂಡು, ಹೆಸರು ಕೂತ ಮೇಲೆ ಎರಡು.

ಇಂಗ್ಲಿಷಲ್ಲಿ ಕಳಿಸಿದರೆ ಬಚಾವ್ ಅಂದುಕೊಳ್ಳಬೇಡಿ. ಸಾಲದ ಕಂತಿನ 150 ಅಕ್ಷರದ ಇಂಗ್ಲಿಷ್ ಮೆಸೇಜಿನಲ್ಲಿ ಒಂದು ₹ ಇದ್ದರೆ ಮುಗಿಯಿತು, ಒಂದು ಕ್ರೆಡಿಟ್ ಮೂರಾಗುತ್ತದೆ. ಆ 7 ಬಿಟ್ ಪಟ್ಟಿಯಲ್ಲಿ ಪೌಂಡ್ ಇದೆ, ಯೆನ್ ಇದೆ, ನಮ್ಮ ರೂಪಾಯಿ ಇಲ್ಲ. ಇಂಗ್ಲಿಷಿನ ಆರ್, ಎಸ್ ಅಕ್ಷರ ಹಾಕಿ. ವರ್ಡ್‌ನಿಂದ ಕಾಪಿ ಮಾಡಿದರೆ ಬರುವ ಬಾಗಿದ ಉದ್ಧರಣ ಚಿಹ್ನೆ, ಉದ್ದ ಅಡ್ಡಗೆರೆ, ಇವೂ ಹಾಗೇ. ಚೌಕ ಆವರಣ, ಪುಷ್ಪಾವರಣ 7 ಬಿಟ್ಟಿನಲ್ಲೇ ಹೋಗುತ್ತವೆ, ಆದರೆ ಒಂದೊಂದೂ ಎರಡರ ಜಾಗ ತಿನ್ನುತ್ತದೆ.

ಪ್ಯಾನೆಲ್ಲಿನಲ್ಲಿ "ಯೂನಿಕೋಡ್" ಬದಲು "ಟೆಕ್ಸ್ಟ್" ಒತ್ತಿ ಉಳಿಸೋಣ ಅನ್ನುವ ಜಾಣತನವೂ ಬೇಡ. ಸದಸ್ಯರಿಗೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಹೋಗಬಹುದು, ರಿಪೋರ್ಟಿನಲ್ಲಿ ಮಾತ್ರ "ಡೆಲಿವರ್ಡ್" ಅಂತಲೇ ಇರಬಹುದು. ಫೋನಿಗೆ ಮುಟ್ಟಿತೋ ಇಲ್ಲವೋ ಅಂತಷ್ಟೇ ಆ ರಿಪೋರ್ಟು ಹೇಳುವುದು, ಓದಲು ಬಂತೋ ಅಂತಲ್ಲ.

"ಕನ್ನಡಕ್ಕೆ ಬೇರೆ ದಾರಿಯೇ ಇಲ್ಲ ಸರ್" ಅನ್ನುವುದೂ ಪೂರ್ತಿ ನಿಜವಲ್ಲ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಒಕ್ಕೂಟದ 23.038 ಮಾನದಂಡದಲ್ಲಿ ಕನ್ನಡಕ್ಕೇ ಪ್ರತ್ಯೇಕ 7 ಬಿಟ್ ಕೋಷ್ಟಕ ಇದೆ, ಅದರಲ್ಲಿ ಸುಮಾರು 155 ಹಿಡಿಯುತ್ತದೆ. ಆದರೆ ಕಳಿಸುವ ವ್ಯವಸ್ಥೆ, ತಲುಪುವ ಫೋನು ಎರಡಕ್ಕೂ ಅದು ಬರಬೇಕು. ಇವರ ಪ್ಯಾನೆಲ್ಲಿನಲ್ಲಿ ಆ ಆಯ್ಕೆಯೇ ಇಲ್ಲ, ಕೇಳಿದರೆ "ಅದೇನ್ ಸರ್?" ಅಂತ ನಮ್ಮನ್ನೇ ಕೇಳಿದರು.

ಎಣಿಸುವುದು ಕಷ್ಟವಲ್ಲ. ಮೆಸೇಜನ್ನು ಎಕ್ಸೆಲ್‌ನ ಒಂದು ಕೋಶಕ್ಕೆ ಹಾಕಿ ಲೆನ್ ಸೂತ್ರ ಕೊಡಿ, ಇಮೋಜಿ ಇಲ್ಲದಿದ್ದರೆ ಸರಿಯಾದ ಸಂಖ್ಯೆ ಬರುತ್ತದೆ. 70ರೊಳಗೆ ಒಂದು, 134ರ ತನಕ ಎರಡು, 201ರ ತನಕ ಮೂರು. "ಸಂಘದ ಮಹಾಸಭೆ ಭಾನುವಾರ ಬೆಳಿಗ್ಗೆ 10:30ಕ್ಕೆ ಸಮುದಾಯ ಭವನದಲ್ಲಿ. ಬನ್ನಿ." ಅಂತಷ್ಟೇ ಕಳಿಸಿದ್ದರೆ 62, ಒಂದೇ ಕ್ರೆಡಿಟ್. ಮಾನ್ಯ, ಇಂತಿ ಎಲ್ಲ ಕಾಗದದ ಪತ್ರಕ್ಕಿರಲಿ.

ದುಡ್ಡು ಕೊಡುವ ಮುಂಚೆ ನಿಮ್ಮ ನಿಜವಾದ ಮೆಸೇಜನ್ನೇ ಕೊಟ್ಟು, "ಈ ಪಠ್ಯಕ್ಕೆ ತಲೆಗೆ ಇಷ್ಟು ಕ್ರೆಡಿಟ್" ಅಂತ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ, ವಾಟ್ಸಾಪ್ ವಾಯ್ಸ್ ನೋಟ್ ಬೇಡ. ಬರೆದುಕೊಡಲು "ಸಿಸ್ಟಮ್ ಆಟೋಮ್ಯಾಟಿಕ್ ಸರ್" ಅಂದರೋ, ಎದ್ದು ಬನ್ನಿ.