ಬ್ರೈಯರ್ ಹೆಸರಲ್ಲಿ ಬಣ್ಣ ಬಳಿದ ಮರ: ಪೈಪ್ ಮಾಡುವವರು ದುಡ್ಡು ಕಳಿಸುವ ಮುಂಚೆ ಓದಿ

ತಂಬಾಕು ಸೇದುವ ಪೈಪನ್ನು ಮನೆಯಲ್ಲೇ ಕೈಯಾರೆ ಮಾಡುವವರು ನಮ್ಮ ಕಡೆ ತೀರಾ ಕಡಿಮೆ. ಹಾಗಾಗಿ ಮರ ತರಿಸುವಾಗ ಯಾರಾದರೂ ಟೋಪಿ ಹಾಕಿದರೆ ಕೇಳೋಕೆ ಪಕ್ಕದಲ್ಲಿ ಜನ ಇರಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಇಟಲಿಯ ಬ್ರೈಯರ್, ಚೆನ್ನಾಗಿ ಒಣಗಿಸಿದ್ದು, ಲಾಟ್ ತಗೊಂಡರೆ ರೇಟು ಕಡಿಮೆ" ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುವವರು ಈಗ ಜಾಸ್ತಿಯಾಗಿದ್ದಾರೆ. ಎಲ್ಲರೂ ಕಳ್ಳರಲ್ಲ. ಆದರೆ ನನಗೆ ಸಿಕ್ಕವರು ಕಳ್ಳರೇ.

ನಾನು ದಾವಣಗೆರೆಯವನು. ಹಗಲು ಲೇತ್ ಅಂಗಡಿಯಲ್ಲಿ ಕೆಲಸ. ಸಂಜೆ ಮನೆ ಮಹಡಿಯ ತಗಡಿನ ಶೆಡ್ಡಿನಲ್ಲಿ ಪೈಪ್ ಕೆಲಸ. ಒಂದು ಸಣ್ಣ ಮರದ ಲೇತ್, ಒಂದು ವೈಸ್, ನಾಲ್ಕಾರು ಅರ, ಪಾಲಿಶ್ ಪೇಪರ್, ಇಷ್ಟೇ ಬಂಡವಾಳ. ನಾನು ಸೇದಲ್ಲ. ಪೈಪ್ ಸೇದಿದರೂ ಬಾಯಿ ಕ್ಯಾನ್ಸರ್ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ. ನನಗೆ ಹುಚ್ಚಿರೋದು ಮರದ ಮೇಲೆ, ಅದರ ಗೆರೆಗಳ ಮೇಲೆ. ಮಾಡಿದ್ದನ್ನು ಗೊತ್ತಿದ್ದ ಕೆಲವರು ತಗೊಳ್ಳುತ್ತಾರೆ.

ಮೋಸ ಎಲ್ಲಾಯಿತು ಅಂತ ಅರ್ಥವಾಗಬೇಕಾದರೆ ಮೊದಲು ಬ್ರೈಯರ್ ಏನು ಅಂತ ಗೊತ್ತಿರಬೇಕು. ಎರಿಕಾ ಆರ್ಬೋರಿಯಾ ಅನ್ನುವ ಒಂದು ಪೊದೆಗಿಡ. ಇಟಲಿ, ಕಾರ್ಸಿಕಾ, ಗ್ರೀಸ್, ಸ್ಪೇನ್, ಅಲ್ಜೀರಿಯಾ ಹೀಗೆ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುತ್ತದೆ. ಪೈಪಿಗೆ ಬೇಕಾಗೋದು ಅದರ ಕಾಂಡವಲ್ಲ, ಬೇರೂ ಅಲ್ಲ. ಎರಡರ ನಡುವೆ ನೆಲಮಟ್ಟದಲ್ಲಿ ಊದಿಕೊಳ್ಳುವ ಗಂಟು. ಅದನ್ನು ಅಗೆದು ತೆಗೆದು, ತುಂಡು ಮಾಡಿ, ನೀರಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಒಳಗಿನ ಒಗರು ಆಗ ಹೋಗುತ್ತದೆ. ಆಮೇಲೆ ನೆರಳಲ್ಲಿ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ನಿಧಾನವಾಗಿ ಒಣಗಿಸುತ್ತಾರೆ. ಈ ಮರ ಬೆಂಕಿಗೆ ಸುಲಭಕ್ಕೆ ಬಗ್ಗಲ್ಲ, ಹೊಗೆಯ ತೇವವನ್ನೂ ಹೀರಿಕೊಳ್ಳುತ್ತದೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಅನ್ನುವ ಊರಿನವರು 1850ರ ದಶಕದಿಂದ ಇದರಲ್ಲೇ ಪೈಪ್ ಮಾಡಿ ಹೆಸರು ಮಾಡಿದ್ದಾರೆ. ನಮ್ಮಲ್ಲಿ ಬೆಳೆಯಲ್ಲ. ತರಿಸಲೇಬೇಕು. ಮೋಸಕ್ಕೆ ದಾರಿ ಆಗೋದೂ ಅಲ್ಲೇ.

ನಾನು ಮರ ತಗೊಂಡ ವ್ಯಾಪಾರಿ ಮೊದಲು ಒಂದೇ ಒಂದು ತುಂಡನ್ನು ಸ್ಯಾಂಪಲ್ ಅಂತ ಕಳಿಸಿದರು. ಅಪ್ಪಟ ಬ್ರೈಯರ್. ಒಂದು ಮಗ್ಗುಲಲ್ಲಿ ಹಕ್ಕಿಯ ಕಣ್ಣಿನಂಥ ಚುಕ್ಕಿಗಳು, ಪಕ್ಕದ ಮಗ್ಗುಲಲ್ಲಿ ನೇರ ಗೆರೆಗಳು. ಕೊರೆದರೆ ಒಣ ಪುಡಿ ಉದುರಿತು. ನೋಡಿ ಖುಷಿಯಾಯಿತು. ಲಾಟ್‌ಗೆ 14,000 ರೂಪಾಯಿ ಹೇಳಿದರು. ಯುಪಿಐನಲ್ಲಿ ಕಳಿಸಿದೆ. ದುಡ್ಡು ಹೋಗಿದ್ದು ಅಂಗಡಿ ಹೆಸರಿಗಲ್ಲ, ಯಾವುದೋ ಬೇರೆ ವ್ಯಕ್ತಿಯ ಖಾತೆಗೆ. ಬಿಲ್ ಕೇಳಿದ್ದಕ್ಕೆ "ಪಾರ್ಸಲ್ ಜೊತೆಗೇ ಬರುತ್ತೆ ಸಾರ್" ಅಂದರು. ಬರಲಿಲ್ಲ.

ಪಾರ್ಸಲ್ ಬಂತು. ಮೇಲಿನ ಸಾಲಿನಲ್ಲಿ ಒಳ್ಳೆಯ ತುಂಡುಗಳು. ಹತ್ತಿ ಮಾರುಕಟ್ಟೆ ನೋಡಿದವರಿಗೆ ಈ ಆಟ ಹೊಸದಲ್ಲ, ಅಂಡಿಗೆಯ ಮೇಲೆ ಬೆಳ್ಳನೆ ಹತ್ತಿ ಇಟ್ಟು ಒಳಗೆ ಕಸ ತುಂಬುತ್ತಾರಲ್ಲ, ಹಾಗೆ. ಕೆಳಗಿನ ಸಾಲಿನ ತುಂಡುಗಳಿಗೆಲ್ಲ ಮೇಣ ಮೆತ್ತಿತ್ತು. ಮೇಣ ಹಚ್ಚೋದು ತಪ್ಪಲ್ಲ. ಮರ ಬೇಗ ಒಣಗಿ ಬಿರುಕು ಬಿಡಬಾರದು ಅಂತ ಒಳ್ಳೆಯ ವ್ಯಾಪಾರಿಗಳೂ ಹಚ್ಚುತ್ತಾರೆ. ಇಲ್ಲಿ ಮಾತ್ರ ಅದು ಬಣ್ಣ ಮುಚ್ಚೋಕೆ ಹಚ್ಚಿದ್ದು. ಗರಗಸ ಇಟ್ಟು ಮೂಲೆ ಕುಯ್ದರೆ ಕೆಂಪು ಕಂದು ಬಣ್ಣ ಇರೋದು ಬರೀ ಮೇಲಿನ ಪದರದಲ್ಲಿ, ಒಳಗೆ ಹಳದಿ ಬಣ್ಣದ ಯಾವುದೋ ಮರ. ಉದ್ದುದ್ದ ನಾರು ಎದ್ದಿತು. ಸಾಮಿಲ್‌ನ ಬಡಿಗೇರಣ್ಣನಿಗೆ ತೋರಿಸಿದೆ. ಮೂಸಿ ನೋಡಿ, ಉಗುರಲ್ಲಿ ಕೆರೆದು, "ಇದು ಜಾಲಿ ಜಾತಿದು ಕಣಪ್ಪ, ಇಟಲಿ ಅಂತೆ ಇಟಲಿ" ಅಂತ ನಕ್ಕರು. ಆ ಧೂಳು ತಾಗಿ ನನ್ನ ಮುಂಗೈ ಮೇಲೆ ದದ್ದು ಎದ್ದು ತುಂಬಾ ದಿನ ತುರಿಸಿತು. ಮರಕ್ಕೋ, ಹಚ್ಚಿದ ಬಣ್ಣಕ್ಕೋ, ಎರಡರಲ್ಲಿ ಒಂದಕ್ಕೆ.

ದುಡ್ಡು ಹೋಯಿತು ಅಂತ ಅಷ್ಟಕ್ಕೇ ಬಿಟ್ಟರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇದು ಆಟಿಕೆಯಲ್ಲ, ಶೋಕೇಸಿನಲ್ಲಿಡುವ ಗೊಂಬೆಯೂ ಅಲ್ಲ. ಒಳಗೆ ಕೆಂಡ ಇರುತ್ತದೆ, ಒಬ್ಬ ಮನುಷ್ಯ ಅದನ್ನು ಬಾಯಿಗಿಟ್ಟು ಎಳೆಯುತ್ತಾನೆ. ಯಾವ ಮರ, ಯಾವ ಬಣ್ಣ ಅಂತ ಗೊತ್ತಿಲ್ಲದೆ ಅದನ್ನು ಮಾರೋದು ಬರೀ ವ್ಯಾಪಾರದ ಮೋಸ ಅಲ್ಲ.

ನಕಲಿ ಮರ ಕೊನೆಪಕ್ಷ ಕುಯ್ದಾಗ ಸಿಕ್ಕಿಬಿತ್ತು. ಆ ಲಾಟ್‌ನಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ಅಸಲಿ ಬ್ರೈಯರ್, ಆದರೆ ತೂತು ಮುಚ್ಚಿದ್ದು. ಈ ಗಂಟು ಕಲ್ಲು ಮಣ್ಣಿನ ನೆಲದಲ್ಲಿ ಬೆಳೆಯುವಾಗ ಒಳಗೆ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ, ಕೆಲವದರಲ್ಲಿ ಮರಳೂ ಸಿಗುತ್ತದೆ. ಅದು ಸಹಜ. ದುಬಾರಿ ಮರದಲ್ಲೂ ಇರುತ್ತದೆ. ಮೇಲುಮೇಲಿನ ಚಿಕ್ಕ ಗುಳಿಯಿಂದ ತೊಂದರೆಯೂ ಇಲ್ಲ. ಇವರು ಮಾಡಿದ್ದೇನು ಅಂದರೆ, ಆಳವಾದ ಗುಳಿಗೆ ಮರದ ಪುಡಿ ತುಂಬಿ, ಫೆವಿಕ್ವಿಕ್ ಥರದ ಅಂಟು ಸುರಿದು, ಉಜ್ಜಿ, ಬಣ್ಣ ಹಚ್ಚಿ ಕಳಿಸಿದ್ದರು. ಬಾಗಿಲಿನ ಚೌಕಟ್ಟಿಗೆ ಈ ಉಪಾಯ ಸರಿ. ಪೈಪಿಗೆ ಆಗಲ್ಲ. ಆ ಅಂಟು ಬಿಸಿಯಾದರೆ ಕಣ್ಣು ಮೂಗು ಉರಿಸುವ ಹೊಗೆ ಬರುತ್ತದೆ.

ಅಂಥದ್ದೊಂದರಲ್ಲಿ ಮಾಡಿದ ಪೈಪ್ ಚಿತ್ರದುರ್ಗದ ಒಬ್ಬ ನಿವೃತ್ತ ಮೇಷ್ಟ್ರ ಕೈಸೇರಿತು. ತಂಬಾಕಿನ ಗುಂಡಿ 20 ಮಿ.ಮೀ., ಗೋಡೆ 7 ಮಿ.ಮೀ. ದಪ್ಪ, ಹೊಗೆ ಬರುವ ತೂತು 4 ಮಿ.ಮೀ. ಎಲ್ಲಾ ಅಳತೆ ಸರಿಯಿತ್ತು. ಸ್ವಲ್ಪ ದಿನಕ್ಕೆ ಅವರ ಫೋನ್ ಬಂತು.

"ತಮ್ಮಾ, ಪೈಪಿಗೆ ಎರಡೇ ತೂತು ಇರ್ಬೇಕಲ್ವಾ?"

"ಹೌದು ಸಾರ್."

"ನಿಂದಕ್ಕೆ ಮೂರನೇದು ಬಿದ್ದಿದೆ ನೋಡಪ್ಪಾ."

ಒಳಗಿನ ಬಿಸಿಗೆ ಅಂಟು ಪುಡಿಯಾಗಿ, ಗುಳಿಯ ಜಾಗದಲ್ಲಿ ಗೋಡೆ ಸುಟ್ಟು, ಮೊದಲು ಹೊರಗೆ ಕಪ್ಪು ಕಲೆ, ಆಮೇಲೆ ತೂತು. ಅವರ ಬೆರಳು ಸ್ವಲ್ಪ ಸುಟ್ಟಿತ್ತು. ದೊಡ್ಡ ಮನುಷ್ಯರು, ಬೈಯಲಿಲ್ಲ. ದುಡ್ಡು ವಾಪಸ್ ಕೊಟ್ಟು ಪೈಪ್ ತಂದೆ. ಉದ್ದಕ್ಕೆ ಸೀಳಿ ನೋಡಿದಾಗ ಅಂಟಿನ ಗೆರೆ ಹೊರಗಿನಿಂದ ಒಳಗಿನವರೆಗೂ ಕಂಡಿತು.

ಫೋಟೋ ಕಳಿಸಿ ವ್ಯಾಪಾರಿಯನ್ನು ಕೇಳಿದರೆ, "ನೈಸರ್ಗಿಕ ವಸ್ತು ಸಾರ್, ಗ್ಯಾರಂಟಿ ಇರಲ್ಲ." ಜಾಲಿ ಮರ ಇಟಲಿಯಲ್ಲಿ ನೈಸರ್ಗಿಕವಾಗಿ ಬ್ರೈಯರ್ ಆಗುತ್ತಾ ಅಂತ ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದ್ದಕ್ಕೆ, "ನೀವು ಮಾಡಿ ಮಾರುತ್ತೀರಿ, ನೀವು ವ್ಯಾಪಾರಿ, ಗ್ರಾಹಕ ಅಲ್ಲ, ಎಲ್ಲಿ ಬೇಕಾದರೂ ಹೋಗಿ." ಆಮೇಲೆ ಬ್ಲಾಕ್.

ಈ ಮಾತಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತಲೇ ಸಾಮಾನು ತಗೊಂಡವರೂ ಗ್ರಾಹಕರೇ. ಹವ್ಯಾಸಕ್ಕೆ ತಗೊಂಡವರಂತೂ ಸರಿಯೇ ಸರಿ. ವ್ಯಾಪಾರಿ ಯಾವ ಊರಲ್ಲೇ ಇರಲಿ, ನೀವು ವಾಸ ಮಾಡುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ದುಡ್ಡು ತಗೊಂಡು ಸಾಮಾನೇ ಕಳಿಸದೆ ಮಾಯವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದೂ ಆದಷ್ಟು ಬೇಗ, ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ. ಎಲ್ಲಕ್ಕೂ ಬೇಕಾಗೋದು ದಾಖಲೆ. ಪಾರ್ಸಲ್ ಒಡೆಯುವಾಗ ಮೊದಲಿಂದ ಕೊನೆವರೆಗೆ ವಿಡಿಯೋ ಮಾಡಿ. ಚಾಟ್ ಅಳಿಸಬೇಡಿ. ಬಿಲ್ ಕೊಡದವರಿಗೆ ಲಾಟ್‌ನ ದುಡ್ಡು ಕೊಡಲೇಬೇಡಿ.

ಇನ್ನು ಮರ ಕೈಗೆ ಬಂದ ಮೇಲೆ ನೋಡಬೇಕಾದ್ದು. ಸ್ಯಾಂಪಲ್ ಚೆನ್ನಾಗಿದೆ ಅಂತ ಲಾಟ್ ನಂಬಬೇಡಿ, ಒಂದೊಂದು ತುಂಡನ್ನೂ ನೋಡಿ. ಮೇಣ ಕೆರೆದು, ಪಾಲಿಶ್‌ಗೆ ಬಳಸುವ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒರೆಸಿ. ಹತ್ತಿ ಕೆಂಪಾದರೆ ಆ ತುಂಡು ಪಕ್ಕಕ್ಕಿಡಿ. ಕಚ್ಚಾ ತುಂಡಿಗೆ ಬಣ್ಣ ಯಾಕೆ ಬೇಕು? ಆಮೇಲೆ ಒಂದು ಮೂಲೆ ಕುಯ್ದು ನೀರು ಸವರಿ. ಬ್ರೈಯರ್ ಆದರೆ ಚುಕ್ಕಿ ಮತ್ತು ಗೆರೆ ಹತ್ತಿರ ಹತ್ತಿರ ಕಾಣುತ್ತವೆ. ಬಾಗಿಲು ಕಿಟಕಿಯ ಮರದಲ್ಲಿ ಕಾಣುವಂಥ ಉದ್ದ ಸೀಳುಗಳು ಇರಲ್ಲ. ತುಂಬಿದ ಗುಳಿ ಹಿಡಿಯೋಕೆ, 220ರ ಪಾಲಿಶ್ ಪೇಪರಿನಲ್ಲಿ ಉಜ್ಜಿ ಸ್ಪಿರಿಟ್‌ನಲ್ಲಿ ಕಲೆಸಿದ ಗಾಢ ಬಣ್ಣ ಸವರಿ. ಮರ ಬಣ್ಣ ಕುಡಿಯುತ್ತದೆ, ಅಂಟು ಕುಡಿಯಲ್ಲ. ಆ ಜಾಗ ಬೆಳ್ಳಗೆ ಉಳಿಯುತ್ತದೆ.

ಒಣಗಿದೆಯಾ ಅಂತ ನೋಡೋಕೆ ಅಡುಗೆಮನೆಯ ತಕ್ಕಡಿ ಸಾಕು. ತೂಕವನ್ನು ಪೆನ್ಸಿಲಿನಲ್ಲಿ ತುಂಡಿನ ಮೇಲೇ ಬರೆದು, ವಾರ ಬಿಟ್ಟು ಮತ್ತೆ ತೂಗಿ. ಇಳಿಯುತ್ತಲೇ ಇದ್ದರೆ ಒಳಗೆ ನೀರಿದೆ. ಮುಂಗಾರಿನಲ್ಲಿ ಈ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ. ಹಸಿ ತುಂಡನ್ನು ಏಪ್ರಿಲ್ ಬಿಸಿಲಿನ ತಗಡಿನ ಶೆಡ್ಡಿನಲ್ಲಿಟ್ಟರೆ ಸೀಳಿಹೋಗುತ್ತದೆ. ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗಿಡಿ. ಮನೆಯವರು ಬೈದರೆ ಬೈಯಲಿ.

"ಅಷ್ಟೆಲ್ಲಾ ಯಾಕೆ, ನಮ್ಮ ಬೀಟೆ ಮರದಲ್ಲೇ ಮಾಡು" ಅನ್ನುವವರೂ ಇದ್ದಾರೆ. ಬೀಟೆಯ ಧೂಳು ಎಷ್ಟೋ ಜನರ ಚರ್ಮಕ್ಕೆ ಆಗಿಬರಲ್ಲ, ಅದನ್ನು ಬಿಸಿ ಮಾಡಿ ಹೊಗೆ ಎಳೆಯೋದು ಬೇಡವೇ ಬೇಡ. ಕಣಗಿಲೆಯಂತೂ ವಿಷ, ಮುಟ್ಟಲೇಬೇಡಿ. ಕೈ ಪಳಗಬೇಕು ಅಷ್ಟೇ ಅನ್ನುವವರು ಮೆಕ್ಕೆಜೋಳದ ದಿಂಡಿನಲ್ಲಿ ಕೊರೆದು ಕಲಿಯಿರಿ. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಆ ದಿಂಡಿನ ಪೈಪನ್ನೇ ಕಾರ್ಖಾನೆಯಲ್ಲಿ ಮಾಡುತ್ತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವಾ? ಸುಮ್ನೆ ಕೇಳಿದರೂ ಕೊಡುತ್ತಾರೆ.

ಮರ ಅಸಲಿಯಾಗಲಿ ನಕಲಿಯಾಗಲಿ, ಮಾಸ್ಕ್ ಇಲ್ಲದೆ ಉಜ್ಜಬೇಡಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಕರ್ಚೀಫು ಕಟ್ಟಿಕೊಂಡರೆ ಸಾಲದು.

ನನ್ನ ದೂರು ಕೊಟ್ಟಾಗಿದೆ, ದುಡ್ಡು ಇನ್ನೂ ಬಂದಿಲ್ಲ. ಸೀಳಿದ ಪೈಪ್, ಬಣ್ಣದ ಜಾಲಿ, ಅಸಲಿ ಬ್ರೈಯರ್ ಮೂರೂ ಶೆಡ್ಡಿನಲ್ಲಿವೆ. ದಾವಣಗೆರೆ, ಚಿತ್ರದುರ್ಗದ ಕಡೆಯವರು ಯಾರಾದರೂ ಈ ಕೆಲಸಕ್ಕೆ ಕೈ ಹಾಕುವವರಿದ್ದರೆ ಮೆಸೇಜ್ ಮಾಡಿ ಬನ್ನಿ, ಮೂರನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಭಾನುವಾರ ಮನೆಯಲ್ಲಿರುತ್ತೇನೆ.