ಗ್ಲಾಸಿನ ನೀರು ಕಂದಾಗಿದ್ದು ನೋಡಿ 42 ಸಾವಿರ ಕೊಟ್ಟೆ, ನೀವು ಕೊಡಬೇಡಿ

ಬಾಗೇಪಲ್ಲಿ ಕಡೆ ಸ್ವಂತ ಬೋರ್‌ವೆಲ್ ಇರುವವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಮೂರು ವಾರ ಯಾರಿಗೂ ಹೇಳಿರಲಿಲ್ಲ. ಆದರೆ ಮೊನ್ನೆ, ನನಗೆ ನೀರು ಶುದ್ಧ ಮಾಡುವ ಮಿಷನ್ ಅಂತ ಮಾರಿದ ಅದೇ ಹುಡುಗರು ನಮ್ಮ ಹಿಂದಿನ ಬೀದಿಯಲ್ಲಿ ಮನೆ ಮನೆಗೂ ಹೋಗುತ್ತಿದ್ದರು. ಇನ್ನು ಸುಮ್ನೆ ಇರೋಕಾಗಲ್ಲ.

ನಮ್ಮ ಬೋರು 1,100 ಅಡಿ. ಈ ಕಡೆ ನೀರಲ್ಲಿ ಹಲ್ಲಿಗೆ ಕಲೆ ಹಿಡಿಸುವ ಫ್ಲೋರೈಡ್ ಇದೆ ಅಂತ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಅದನ್ನೇ ಕುಡಿದೆವು. ಮಗಳ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ, ನಡುವೆ ಕಂದು ಚುಕ್ಕೆ. ಹಲ್ಲಿನ ಡಾಕ್ಟರ್ ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು, "ಬೋರ್ ನೀರು ಕುಡೀತೀರಾ?" ಈ ಕಲೆ ಉಜ್ಜಿದರೆ ಹೋಗುವುದಲ್ಲ ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಅದೇ ವಾರ ಆ ಮಿಷನ್ ಮಾರುವ ಹುಡುಗ ಬಾಗಿಲಿಗೆ ಬಂದ.

ಎರಡು ಗ್ಲಾಸ್ ಕೇಳಿದ. ಒಂದಕ್ಕೆ ನಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ಅವನ ಬಾಟಲಿಯ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟ. ಎರಡೇ ನಿಮಿಷ. ನಮ್ಮ ನೀರು ಹಳದಿಯಾಯಿತು, ಆಮೇಲೆ ಕೆಸರಿನ ಹಾಗೆ ಕಂದು, ಮೇಲೆಲ್ಲ ನೊರೆ. ಅವನದು ತಿಳಿಯಾಗಿಯೇ ಇತ್ತು. "ನೋಡಿ ಅಕ್ಕಾ, ಇದೇ ನಿಮ್ಮ ಮಗು ಹೊಟ್ಟೆಗೆ ಹೋಗ್ತಿರೋದು" ಅಂದ. ಮಗಳು ಪಕ್ಕದಲ್ಲೇ ನಿಂತಿದ್ದಳು. ನನ್ನ ಕೈ ನಡುಗಿತು. ಚೌಕಾಸಿ ಕೂಡ ಮಾಡಲಿಲ್ಲ. "ಫ್ಲೋರೈಡ್ ಹೋಗುತ್ತಾ?" ಅಂತ ಮೂರು ಸಲ ಕೇಳಿದೆ. ಮೂರು ಸಲವೂ "ಎಲ್ಲಾ ಹೋಗುತ್ತಕ್ಕಾ" ಅಂದ.

ಮಿಷನ್ ಬಂತು. ಸೋಪು ಚೆನ್ನಾಗಿ ನೊರೆ ಬಂತು. ನಲ್ಲಿಗೆ ಬಿಳಿ ಕಟ್ಟುವುದು ನಿಂತಿತು. ನಾನು ನಂಬಿದೆ.

ನನ್ನ ತಮ್ಮ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಬಂದವನು ಮಿಷನ್ ನೋಡಿ, "ಅಕ್ಕಾ, ಇದು ಸಾಫ್ಟ್‌ನರ್. ಗಡಸು ನೀರನ್ನು ಮೆದು ಮಾಡುತ್ತೆ ಅಷ್ಟೇ. ಫ್ಲೋರೈಡ್ ತೆಗೆಯಲ್ಲ" ಅಂದ. ಮಿಷನ್‌ಗೆ ಮುಂಚಿನ ನೀರು, ಮಿಷನ್‌ನಿಂದ ಬಂದ ನೀರು, ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಲ್ಯಾಬ್‌ಗೆ ಕೊಟ್ಟೆವು. ಫ್ಲೋರೈಡ್ ಲೀಟರಿಗೆ 2.7 ಮಿಲಿಗ್ರಾಂ. ಎರಡರಲ್ಲೂ 2.7! ಇರಬೇಕಾದದ್ದು 1ರೊಳಗೆ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಆಮೇಲೆ ತಮ್ಮ ಆರ್‌ಓ (ಲವಣ ಸೋಸಿ ತೆಗೆಯುವ ಫಿಲ್ಟರ್) ನೀರಿಗೆ ಚಿಟಿಕೆ ಉಪ್ಪು ಹಾಕಿ, ಎರಡು ಮೊಳೆ, ಒಂದು ಬ್ಯಾಟರಿ ಜೋಡಿಸಿ ಇಟ್ಟ. ಸ್ವಲ್ಪ ಹೊತ್ತಿಗೆ ಅದೂ ಕಂದಾಯಿತು. ಆ ಬಣ್ಣ ಕಬ್ಬಿಣದ್ದು, ಕಡ್ಡಿಯೇ ಕರಗಿ ಬರುವುದು. ಲವಣ ಇರುವ ನೀರಲ್ಲಿ ಕರೆಂಟ್ ಹರಿಯುತ್ತೆ, ಅವನ ಬಾಟಲಿಯ ನೀರಲ್ಲಿ ಹರಿಯಲ್ಲ. ಇಷ್ಟೇ. ಇಷ್ಟಕ್ಕೆ ನಾನು 42 ಸಾವಿರ ಕೊಟ್ಟೆ.

ಮಾರಿದವನಿಗೆ ಫೋನ್ ಮಾಡಿದೆ. "ಲ್ಯಾಬ್‌ನವರು ತಪ್ಪು ಮಾಡಿರ್ತಾರೆ." ಮತ್ತೆ ಮಾಡಿದೆ. "ಸೋಪು ನೊರೆ ಬರ್ತಿದೆ ಅಲ್ವಾ ಅಕ್ಕಾ?" ನನ್ನ ಮಗಳ ಹಲ್ಲಿನ ವಿಷಯ ಕೇಳಿದರೆ ಸೋಪಿನ ನೊರೆ! ಮೂರನೇ ಸಲ, "ಇನ್ನೊಂದು ಫಿಲ್ಟರ್ ಹಾಕಿಸ್ಬೇಕು, 9 ಸಾವಿರ ಆಗುತ್ತೆ." ನಾಲ್ಕನೇ ಸಲ, "ಬಿಲ್ಲಲ್ಲಿ ಫ್ಲೋರೈಡ್ ಅಂತ ಎಲ್ಲಿದೆ ತೋರಿಸಿ." ನಿಜ, ಎಲ್ಲೂ ಇಲ್ಲ. "ವಾಟರ್ ಕಂಡೀಷನರ್" ಅಂತ ಮಾತ್ರ ಇದೆ. ಈಗ ನನ್ನ ನಂಬರ್ ಬ್ಲಾಕ್.

ದುಡ್ಡು ಕೊಡುವ ಮುಂಚೆ ನೀರು ಟೆಸ್ಟ್ ಮಾಡಿಸಿ. ಚಿಕ್ಕಬಳ್ಳಾಪುರದಲ್ಲಿ ಕುಡಿಯುವ ನೀರು ಇಲಾಖೆಯ ಲ್ಯಾಬ್ ಇದೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವುದು) ಹಿಡಿದು ತೋರಿಸಿದರೆ ನಂಬಬೇಡಿ, ಅದಕ್ಕೆ ಫ್ಲೋರೈಡ್ ಎಷ್ಟು ಅಂತ ಗೊತ್ತಾಗಲ್ಲ. ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಇನ್ನೂ ಜಾಸ್ತಿಯಾಗುತ್ತೆ. ಕುಡಿಯಲು, ಅಡುಗೆಗೆ ಒಳ್ಳೆ ಆರ್‌ಓ ಇದ್ದರೆ ಸಾಕು. ಹಾಕಿಸಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿ. ನಾವೀಗ ಶುದ್ಧ ನೀರಿನ ಘಟಕದ ನೀರು ತರುತ್ತಿದ್ದೇವೆ, ಮಳೆನೀರಿಗೆ ತೊಟ್ಟಿ ಕಟ್ಟಿಸುತ್ತಿದ್ದೇವೆ. "ಫ್ಲೋರೈಡ್ ತೆಗೆಯುತ್ತೆ" ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಕಳಿಸಿಬಿಡಿ.

ನಾನು ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಇಷ್ಟು ಮೊತ್ತಕ್ಕೆ ಅಲ್ಲಿ ಫೀಸಿಲ್ಲ. ಇದೇ ಗ್ಲಾಸಿನ ಆಟ ನೋಡಿ ದುಡ್ಡು ಕೊಟ್ಟವರು ಇನ್ಯಾರಾದರೂ ಇದ್ದರೆ ಬಿಲ್ ಎತ್ತಿಟ್ಟುಕೊಳ್ಳಿ, ನನ್ನ ಜೊತೆ ಬನ್ನಿ.